ರಾಜಚರಿತ್ರೆಗಳಲ್ಲಿ ವಿಧಿಯ ಸಾಕ್ಷ್ಯ



ಬೇಸಗೆಯ ರಜೆಯಲ್ಲಿ ಕಲಬುರಗಿಯ ಬಿಸಿಲಿಗೆ ಅಂಜಿ ಮನೆಯೊಳಗೆ ಕುಳಿತವನಿಗೆ ಪುಸ್ತಕಕ್ಕಿಂತ ತಂಪಾದ ನೆರಳು ಮತ್ತೊಂದಿಲ್ಲ. ಈಚೆಗೆ ನಾನು ಓದಿದ ಕೆಲವು ಪುಸ್ತಕಗಳ ವಿಷಯವಾಗಿ ಈ ಸಂಜೆ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಅವುಗಳಲ್ಲಿ ಚರಿತ್ರೆಯ ಗೂಢಗಳನ್ನು ಕುರಿತವು ಕೆಲವು. ರಾಜರ ಜೀವನವನ್ನು ಹೇಳತಕ್ಕವು ಕೆಲವು. ಮೊದಲನೆಯವನ್ನು ವಿನೋದಕ್ಕಾಗಿಯೂ ಎರಡನೆಯವನ್ನು ಜ್ಞಾನಕ್ಕಾಗಿಯೂ ಓದುವುದು ವಾಡಿಕೆ. ಗೂಢಕಥೆಯನ್ನು ಓದುವಾಗ ನಾವು ಪ್ರತಿಯೊಬ್ಬ ಪಾತ್ರವನ್ನೂ ಸಂಶಯದಿಂದ ನೋಡುತ್ತೇವೆ. ರಾಜಚರಿತ್ರೆಯನ್ನು ಓದುವಾಗ ಕೈಕಟ್ಟಿ ನಿಂತು ಕೇಳುತ್ತೇವೆ. ಈ ಎರಡು ಬಗೆಯ ಓದನ್ನು ಅದಲುಬದಲು ಮಾಡಿದರೆ ಏನಾದೀತು ಎಂಬುದೇ ನನ್ನ ಇಂದಿನ ವಿಷಯ.

ಹೀಗೆ ಓದಲು ನನಗೆ ಪ್ರೇರಣೆಯಾದದ್ದು ಜೇವರ್ಗಿಯ ಕಡೆಯಿಂದ ಬಂದ ನನ್ನ ವಿದ್ಯಾರ್ಥಿಯೊಬ್ಬನ ಮಾತು. ತರಗತಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಪ್ರಸ್ತಾಪ ಬಂದಿತು. ೧೮೫೮ರಲ್ಲಿ ಕಂಪನಿಯ ಸೈನ್ಯದ ಮೇಲೆ ಎದ್ದು, ಸೆರೆಸಿಕ್ಕು, ಇನ್ನೂ ಇಪ್ಪತ್ತನಾಲ್ಕರ ವಯಸ್ಸಿನಲ್ಲಿಯೇ ಗುಂಡಿನೇಟಿನಿಂದ ಸತ್ತ ತರುಣ ರಾಜನು ಅವನು. ಅವನ ಸಾವಿಗೆ ಕಾರಣವೇನೆಂದು ನಾನು ಕೇಳಿದೆ. ಹುಡುಗನು ತಡಮಾಡದೆ ಎದ್ದು ನಿಂತು, “ಅವ್ರ ಹಣೇಬಾರದಾಗ ಹಂಗೇ ಇತ್ತಂತ್ರಿ ಸರ್. ಬುಕ್ಕಿನಾಗೂ ಹಂಗೇ ಬರ್ದಾರ” ಎಂದನು. ಅವನ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಪುಸ್ತಕದಲ್ಲಿ ಹಾಗೆಯೇ ಇದೆ. ಆದರೆ ಹಣೆಬರಹವು ಕಾರಣವೆಂದ ಮೇಲೆ ಮುಂದೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಪುಸ್ತಕವೊಂದು ವಿಧಿಯನ್ನು ಸಾಕ್ಷಿಗೆ ಕರೆದಾಗ ಓದುಗನು ಏನು ಮಾಡಬೇಕು? ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಪುಸ್ತಕದಿಂದ ಪುಸ್ತಕಕ್ಕೆ ಹೋದೆನು.

ಮೊದಲು ತೆಗೆದದ್ದು ಗೂಢಕಥೆಗಳ ಅಜ್ಜನೆನ್ನಬಹುದಾದ ಒಂದು ಪುಸ್ತಕವನ್ನು: ‘ಕನ್‌ಫೆಷನ್ಸ್ ಆಫ್ ಎ ಥಗ್’, ಎಂದರೆ ಠಕ್ಕನೊಬ್ಬನ ತಪ್ಪೊಪ್ಪಿಗೆ. ೧೮೩೯ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಟ ಈ ಕಾದಂಬರಿಯನ್ನು ಬರೆದವನು ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್. ಈ ಹೆಸರನ್ನು ದಯಮಾಡಿ ನೆನಪಿನಲ್ಲಿಡಬೇಕು. ಇಂದಿನ ಭಾಷಣದ ಕೊನೆಯವರೆಗೂ ಇವನು ನಮ್ಮ ಜೊತೆಯಲ್ಲಿರುತ್ತಾನೆ. ಕಥೆಯಲ್ಲಿ ಅಮೀರ್ ಅಲಿಯೆಂಬ ಠಕ್ಕನು ಸೆರೆಯಲ್ಲಿ ಕುಳಿತು, ದಾರಿಹೋಕರನ್ನು ನಂಬಿಸಿ ರುಮಾಲಿನಿಂದ ಕತ್ತು ಬಿಗಿದು ಕೊಂದ ಬಗೆಯನ್ನು ಸಾಹೇಬನೊಬ್ಬನಿಗೆ ಹೇಳುತ್ತ ಹೋಗುತ್ತಾನೆ, ಸಾಹೇಬನು ಬರೆದುಕೊಳ್ಳುತ್ತಾನೆ. ಈ ಠಕ್ಕನ ಬಾಯಲ್ಲಿ ಪಶ್ಚಾತ್ತಾಪದ ಮಾತು ಅಪೂರ್ವ. ದೇವಿಯ ಅಪ್ಪಣೆಯಾಯಿತು, ಗೂಬೆ ಕೂಗಿತು, ಶಕುನ ಒಳ್ಳೆಯದಾಯಿತು, ಅವರ ಆಯುಷ್ಯ ತೀರಿದ್ದಿತು, ನನ್ನ ಕೈ ನಿಮಿತ್ತಮಾತ್ರ: ಇದು ಅವನ ವಾದ. ಓದುವವರು ಯಾರೂ ಈ ವಾದವನ್ನು ಒಪ್ಪುವುದಿಲ್ಲ. ಪ್ರಯಾಣಿಕನ ಹಣದ ಚೀಲ ಯಾರ ಕೈ ಸೇರಿತೆಂಬುದನ್ನು ನೋಡಿದವನಿಗೆ ಗೂಬೆಯ ಕೂಗಿನ ಅರ್ಥ ತಾನಾಗಿಯೇ ತಿಳಿಯುತ್ತದೆ.

ಇಲ್ಲಿ ಮತ್ತೊಂದು ಎಚ್ಚರವೂ ಬೇಕು. ಈ ತಪ್ಪೊಪ್ಪಿಗೆಯು ಕೈದಿಯ ಬಾಯಿಂದ ಬಂದು ಸೆರೆಹಿಡಿದವರ ಲೇಖನಿಯಿಂದ ಇಳಿದದ್ದು. ಠಕ್ಕರ ವಿಷಯವಾಗಿ ಕಿಮ್ ವ್ಯಾಗ್ನರ್ ಎಂಬ ಇತಿಹಾಸಕಾರನು ೨೦೦೭ರಲ್ಲಿ ಪ್ರಕಟಿಸಿದ ಪುಸ್ತಕವು ಈ ಮಾತನ್ನು ಗಟ್ಟಿಯಾಗಿ ನೆನಪುಮಾಡಿಕೊಡುತ್ತದೆ. ದೇಶವನ್ನೆಲ್ಲ ವ್ಯಾಪಿಸಿದ ಒಂದು ಭಯಂಕರ ಧರ್ಮಸಂಘವೆಂದು ಕಂಪನಿಯ ಅಧಿಕಾರಿಗಳು ಚಿತ್ರಿಸಿದ್ದರ ಹಿಂದೆ, ಬಡತನ, ಕೆಲಸ ತಪ್ಪಿದ ಸಿಪಾಯಿತನ, ಜಮೀನುದಾರರ ಆಶ್ರಯ ಮೊದಲಾದ ಸಾಮಾನ್ಯ ಕಾರಣಗಳಿಂದ ಹುಟ್ಟಿದ ದರೋಡೆಯೇ ಕಾಣುತ್ತದೆಂದು ಅವನ ನಿರ್ಣಯ. ಹೀಗಾಗಿ ಓದುಗನ ಗಂಟಿನಲ್ಲಿ ಎರಡು ಪ್ರಶ್ನೆಗಳಿರಬೇಕು: ಹೇಳುವವನು ಯಾರು? ವಿಧಿಯ ಮಾತಿನಿಂದ ಲಾಭ ಯಾರಿಗೆ?

ಈ ಎರಡು ಪ್ರಶ್ನೆಗಳನ್ನು ಹಿಡಿದು ನಮ್ಮ ಸೀಮೆಯ ರಾಜಚರಿತ್ರೆಗಳೊಳಕ್ಕೆ ಹೋಗೋಣ. ದಾರಿ ತಪ್ಪದಿರಲೆಂದು ನದಿಯ ಜೊತೆಯಲ್ಲಿಯೇ ನಡೆಯೋಣ. ಅಮರ್ಜೆಯು ಆಳಂದ ತಾಲ್ಲೂಕಿನಿಂದ ಇಳಿದು ಬಂದು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ; ಭೀಮೆಯು ಮುಂದೆ ಜೇವರ್ಗಿಯ ಕಡೆಗೆ ಹರಿಯುತ್ತದೆ. ನಮ್ಮ ಪುಸ್ತಕಗಳೂ ಈ ದಡಗಳಲ್ಲಿಯೇ ಇವೆ.

ಆಳಂದವು ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಆಳಂದೆ ಸಾಸಿರವೆಂಬ ನಾಡಿಗೆ ಹೆಸರು ಕೊಟ್ಟ ಊರು. ರಾಜಧಾನಿಯಾದ ಕಲ್ಯಾಣವು ಇಲ್ಲಿಗೆ ದೂರವಲ್ಲ. ಈ ಭಾಗದ ಶಾಸನಗಳಲ್ಲಿ ‘ಚಾಳುಕ್ಯ ವಿಕ್ರಮ ವರ್ಷ’ ಎಂಬ ಕಾಲಗಣನೆ ಬರುತ್ತದೆ. ೧೦೭೬ರಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯನು ಶಕವರ್ಷವನ್ನು ಬದಿಗಿರಿಸಿ ತನ್ನ ಹೆಸರಿನಲ್ಲಿ ಆರಂಭಿಸಿದ ಶಕೆಯಿದು. ಐವತ್ತು ವರ್ಷ ಆಳಿದ ಈ ಚಕ್ರವರ್ತಿಯ ಚರಿತ್ರೆಯನ್ನು ಕಾಶ್ಮೀರದಿಂದ ಬಂದ ಬಿಲ್ಹಣನೆಂಬ ಕವಿಯು ‘ವಿಕ್ರಮಾಂಕದೇವಚರಿತ’ವೆಂಬ ಹದಿನೆಂಟು ಸರ್ಗಗಳ ಸಂಸ್ಕೃತ ಕಾವ್ಯವಾಗಿ ರಚಿಸಿದನು. ಕಾವ್ಯವು ಬಹುಕಾಲ ಕಣ್ಮರೆಯಾಗಿದ್ದು, ೧೮೭೪ರಲ್ಲಿ ರಾಜಸ್ಥಾನದ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಬ್ಯೂಲರ್ ಎಂಬ ಜರ್ಮನ್ ವಿದ್ವಾಂಸನ ಕಣ್ಣಿಗೆ ಬಿದ್ದಿತು. ಮರುವರ್ಷವೇ ಮುಂಬಯಿಯಲ್ಲಿ ಅಚ್ಚಾಯಿತು. ಕನ್ನಡನಾಡಿನ ಚಕ್ರವರ್ತಿಯ ಕಥೆ ಮರುಭೂಮಿಯ ನೆಲಮಾಳಿಗೆಯಲ್ಲಿ ದೊರಕಿದ್ದು ಸ್ವತಃ ಒಂದು ಗೂಢಕಥೆಯಂತಿದೆ.

ಆದರೆ ಕಾವ್ಯದೊಳಗಿನ ಗೂಢವು ಇದಕ್ಕಿಂತ ದೊಡ್ಡದು. ವಿಕ್ರಮನು ಹಿರಿಯ ಮಗನಲ್ಲ. ತಂದೆಯಾದ ಒಂದನೆಯ ಸೋಮೇಶ್ವರನು ೧೦೬೮ರಲ್ಲಿ ಜ್ವರದಿಂದ ಬಳಲಿ, ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಪ್ರಾಣಬಿಟ್ಟ ಮೇಲೆ ಪಟ್ಟವಾದದ್ದು ಅಣ್ಣನಾದ ಎರಡನೆಯ ಸೋಮೇಶ್ವರನಿಗೆ. ಎಂಟು ವರ್ಷಗಳ ತರುವಾಯ ತಮ್ಮನು ಅಣ್ಣನನ್ನು ಯುದ್ಧದಲ್ಲಿ ಸೋಲಿಸಿ, ಸೆರೆಯಲ್ಲಿಟ್ಟು, ಸಿಂಹಾಸನವನ್ನೇರಿದನು. ಇದಕ್ಕೆ ಬಿಲ್ಹಣನು ಕೊಡುವ ಸಮಾಧಾನವೇನು? ತಂದೆಯೇ ಮೊದಲು ವಿಕ್ರಮನಿಗೆ ಯುವರಾಜಪಟ್ಟವನ್ನು ಕೊಡಲು ಬಂದಾಗ, ಅಣ್ಣನಿರುವಾಗ ತನಗೆ ತಕ್ಕುದಲ್ಲವೆಂದು ಅವನು ನಿರಾಕರಿಸಿದನಂತೆ. ಮುಂದೆ ಅಣ್ಣನೊಡನೆ ಹೋರಾಡಲು ಮನಸ್ಸಿಲ್ಲದಿದ್ದಾಗ ಸಾಕ್ಷಾತ್ ಶಿವನೇ ಅಪ್ಪಣೆಮಾಡಿದನಂತೆ. ಗೆದ್ದ ಮೇಲೆ ರಾಜ್ಯವನ್ನು ಅಣ್ಣನಿಗೇ ಹಿಂದಿರುಗಿಸಬೇಕೆಂದಿದ್ದಾಗ ಶಿವನು ಕೋಪಿಸಿಕೊಂಡು ಬೇಡವೆಂದನಂತೆ!

ಬಿಲ್ಹಣನಿಗೆ ವಿಕ್ರಮನು ‘ವಿದ್ಯಾಪತಿ’ಯೆಂಬ ಬಿರುದನ್ನು ಕೊಟ್ಟಿದ್ದನು. ಕಾವ್ಯದ ಸೊಬಗಿಗೆ ಇದರಿಂದ ಯಾವ ಕುಂದೂ ಇಲ್ಲ. ಆದರೆ ಸಾಕ್ಷಿಯು ಯಾರ ಮನೆಯಲ್ಲಿ ಉಂಡವನೆಂಬುದನ್ನು ನ್ಯಾಯಾಧೀಶನು ಮರೆಯಬಾರದು. ಮತ್ತೊಂದು ವಿಶೇಷವನ್ನು ಗಮನಿಸಿ. ವಿಕ್ರಮನಿಗೂ ಜಯಸಿಂಹನೆಂಬ ಒಬ್ಬ ತಮ್ಮನಿದ್ದನು. ಕೆಲವು ವರ್ಷಗಳಾದ ಮೇಲೆ ಅವನು ವಿಕ್ರಮನ ಮೇಲೆ ದಂಗೆಯೆದ್ದು ಸೋತು ಸೆರೆಯಾದನು. ತಮ್ಮನಾಗಿ ಅಣ್ಣನ ಮೇಲೆ ಕತ್ತಿಯೆತ್ತಿದ ವಿಕ್ರಮನ ಬಳಿಗೆ ಶಿವನು ಮತ್ತೆ ಮತ್ತೆ ಬಂದನು. ಅದೇ ಕೆಲಸವನ್ನು ಮಾಡಿದ ಜಯಸಿಂಹನ ಬಳಿಗೆ ಒಮ್ಮೆಯೂ ಬರಲಿಲ್ಲ. ಇಬ್ಬರಿಗೂ ಇದ್ದ ಭೇದವೊಂದೇ: ಒಬ್ಬನು ಗೆದ್ದನು, ಒಬ್ಬನು ಸೋತನು. ಕವಿಯ ದೇವರು ಯುದ್ಧ ಮುಗಿದ ಮೇಲೆ ಬರುವ ದೇವರು. ವಿಕ್ರಮನು ಸಮರ್ಥನಾದ ದೊರೆಯೆಂಬುದರಲ್ಲಿ ಸಂದೇಹವಿಲ್ಲ. ಅವನ ಐವತ್ತು ವರ್ಷಗಳ ಆಳ್ವಿಕೆಗೆ ಶಾಸನಗಳೇ ಸಾಕ್ಷಿ. ಆದರೆ ಸೋಮೇಶ್ವರನ ಕಡೆಯ ಮಾತನ್ನು ಕೇಳುವುದಕ್ಕೆ ನಮಗೆ ಒಬ್ಬ ಬಿಲ್ಹಣನೂ ಇಲ್ಲ.

ಅಮರ್ಜೆಯ ಜೊತೆಯಲ್ಲಿ ಇಳಿದು ಗಾಣಗಾಪುರಕ್ಕೆ ಬರೋಣ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಇಲ್ಲಿನ ಸಂಗಮದಲ್ಲಿ ಮೀಯುವ ಜನರು ಪಾರಾಯಣಮಾಡುವ ಗ್ರಂಥ ‘ಗುರುಚರಿತ್ರೆ’. ಇಲ್ಲಿ ನೆಲೆಸಿದ್ದ ನೃಸಿಂಹ ಸರಸ್ವತಿಗಳ ಮಹಿಮೆಯನ್ನು ಸರಸ್ವತೀ ಗಂಗಾಧರನು ಮರಾಠಿಯ ಓವಿಗಳಲ್ಲಿ ಹೇಳಿದ್ದಾನೆ. ಅವನ ಮನೆತನವನ್ನು ಆಳಂದ ತಾಲ್ಲೂಕಿನ ಕಡಗಂಚಿಗೆ ಸೇರಿಸುವುದು ಸಂಪ್ರದಾಯ. ಅವನ ಮನೆಮಾತು ಕನ್ನಡವೆಂದು ವಿದ್ವಾಂಸರು ಹೇಳುತ್ತಾರೆ. ಇದನ್ನು ರಾಜಚರಿತ್ರೆಗಳ ಸಾಲಿಗೆ ಏಕೆ ಸೇರಿಸಿದಿರೆಂದು ಭಕ್ತರು ಕೇಳಬಹುದು. ಇದರಲ್ಲಿಯೂ ಒಬ್ಬ ರಾಜನ ಕಥೆಯುಂಟು. ಅದೂ ನಾವು ಬೇರೆಲ್ಲಿಯೂ ಓದದ ಬಗೆಯದು.

ಕೃಷ್ಣಾನದಿಯ ಕುರುವಪುರದಲ್ಲಿ ಶ್ರೀಪಾದ ಶ್ರೀವಲ್ಲಭರ ಸೇವೆ ಮಾಡುತ್ತಿದ್ದ ಒಬ್ಬ ಬಡ ಅಗಸನಿದ್ದನು. ವೈಶಾಖದ ಒಂದು ದಿನ ಮುಸಲ್ಮಾನ ದೊರೆಯೊಬ್ಬನು ಪರಿವಾರದೊಡನೆ ಅಲಂಕೃತವಾದ ದೋಣಿಗಳಲ್ಲಿ ಜಲಕ್ರೀಡೆಗೆ ಬಂದನು. ಒಗೆಯುವ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಅಗಸನು ಆ ವೈಭವವನ್ನು ನೋಡುತ್ತ ನಿಂತನು. ಗುರುಗಳು ಅವನ ಮನಸ್ಸನ್ನರಿತು, ರಾಜ್ಯವು ಈಗಲೇ ಬೇಕೋ ಮುಂದಿನ ಜನ್ಮದಲ್ಲೋ ಎಂದು ಕೇಳಿದರು. ಮುಪ್ಪು ಬಂದಿದೆ, ಮುಂದಿನ ಜನ್ಮದಲ್ಲಾಗಲಿ ಎಂದನು. ಅವನೇ ಬಿದರೆಯ ಸುಲ್ತಾನನಾಗಿ ಹುಟ್ಟಿದನು. ತೊಡೆಯ ಮೇಲೆ ಎದ್ದ ಹುಣ್ಣಿಗೆ ಯಾವ ಮದ್ದೂ ನಾಟದೆ ಗಾಣಗಾಪುರಕ್ಕೆ ಬಂದಾಗ, ಗುರುಗಳು ಅವನನ್ನು ದೊರೆಯೆನ್ನದೆ, ಅಗಸನೆಂದೇ ಕರೆದು, ಇಷ್ಟು ದಿನ ಎಲ್ಲಿದ್ದೆಯೆಂದು ಕೇಳಿದರು. ಅವನಿಗೆ ಹಿಂದಿನದೆಲ್ಲ ನೆನಪಾಯಿತು.

ಚರಿತ್ರಕಾರನು ಇದನ್ನು ಯಾವ ಸುಲ್ತಾನನ ತಲೆಗೆ ಕಟ್ಟಬೇಕೆಂದು ತಿಣುಕಬಹುದು. ನಾನು ಅದಕ್ಕೆ ಹೋಗುವುದಿಲ್ಲ. ನಮ್ಮ ಎರಡನೆಯ ಪ್ರಶ್ನೆಯನ್ನು ಮಾತ್ರ ಕೇಳುತ್ತೇನೆ: ಇಲ್ಲಿ ವಿಧಿಯ ಮಾತಿನಿಂದ ಲಾಭ ಯಾರಿಗೆ? ಬಿಲ್ಹಣನ ಶಿವನು ಸಿಂಹಾಸನವನ್ನು ಗೆದ್ದವನ ಹಕ್ಕನ್ನಾಗಿ ಮಾಡುತ್ತಾನೆ. ಗಾಣಗಾಪುರದ ಕಥೆಯು ಸಿಂಹಾಸನದ ಮೇಲಿರುವವನು ನಿನ್ನೆ ಬಟ್ಟೆ ಒಗೆಯುತ್ತಿದ್ದವನೆಂದು ಹೇಳುತ್ತದೆ. ಬಟ್ಟೆ ಒಗೆಯುತ್ತಿರುವವನು ನಾಳೆ ಅಲ್ಲಿ ಕುಳಿತಾನೆಂದೂ ಸೂಚಿಸುತ್ತದೆ. ದೊರೆಗೂ ಅಗಸನಿಗೂ, ಹಿಂದೂವಿಗೂ ಮುಸಲ್ಮಾನನಿಗೂ ನಡುವೆ ಒಂದು ಜನ್ಮದ ತೆಳುವಾದ ತೆರೆ ಮಾತ್ರ. ಆಳುವವರನ್ನು ಕಂಡು ಹೆದರಿದ ಸಾಮಾನ್ಯ ಜನರು, ತಮ್ಮ ಧೈರ್ಯಕ್ಕಾಗಿ ತಾವೇ ಹೇಳಿಕೊಂಡ ರಾಜಚರಿತ್ರೆಯಿದು. ವಿಧಿಯ ಸಾಕ್ಷ್ಯವೆಲ್ಲ ಸುಳ್ಳುಸಾಕ್ಷ್ಯವೆಂದು ನಾನು ಹೇಳಲಾರೆ. ಅದು ಯಾರ ಪರವಾಗಿ ನುಡಿಯುತ್ತದೆಂಬುದನ್ನು ನೋಡಬೇಕೆಂದಷ್ಟೇ ನನ್ನ ವಾದ.

ಭೀಮೆಯ ಜೊತೆಯಲ್ಲಿ ಇನ್ನೂ ಕೆಳಗೆ ಹೋದರೆ, ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಾರಿಯ ಕಡೆ, ನದಿಯ ತಿರುವಿನಲ್ಲಿ ಫಿರೋಜಾಬಾದಿನ ಹಾಳುಕೋಟೆ ಕಾಣುತ್ತದೆ. ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ನದಿ; ಒಳಗೆ ದೊಡ್ಡ ಮಸೀದಿಯ ಅವಶೇಷ, ಅರಮನೆಗಳ ಮುರುಕು, ಜಾಲಿಯ ಕಂಟಿ. ೧೩೯೭ರಿಂದ ೧೪೨೨ರವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜ್ ಶಹನು ೧೪೦೦ರ ಸುಮಾರಿಗೆ ಕಟ್ಟಿಸಿದ ನಗರವಿದು. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ ಎಂಬ ವಿದ್ವಾಂಸರು ೧೯೯೨ರಲ್ಲಿ ಈ ಒಂದು ಹಾಳೂರಿನ ಮೇಲೆಯೇ ಒಂದು ಪುಸ್ತಕವನ್ನು ಪ್ರಕಟಿಸಿದರು. ಗೋಡೆಗೋಡೆಯನ್ನೂ ಅಳೆದು ನಕ್ಷೆ ತೆಗೆದ ಆ ಪುಸ್ತಕವನ್ನು ಓದಿದ ಮೇಲೆ, ಆ ದಾರಿಯಲ್ಲಿ ಹೋಗುವಾಗ ಕಣ್ಣು ತಾನಾಗಿಯೇ ನದಿಯ ಕಡೆಗೆ ತಿರುಗುತ್ತದೆ.

ಫಿರೋಜನ ಜೀವನವನ್ನು ನಮಗೆ ವಿಸ್ತಾರವಾಗಿ ಹೇಳುವವನು ಫಿರಿಸ್ತಾ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಹನ ಆಶ್ರಯದಲ್ಲಿ, ಎಂದರೆ ಫಿರೋಜನ ಕಾಲಕ್ಕೆ ಸುಮಾರು ಇನ್ನೂರು ವರ್ಷಗಳ ತರುವಾಯ, ಬರೆದವನು. ಅವನ ಪ್ರಕಾರ ಫಿರೋಜನು ಬಹುಭಾಷಾಪಂಡಿತ. ಅಂತಃಪುರದಲ್ಲಿ ನಾನಾ ದೇಶದ ಸ್ತ್ರೀಯರೊಡನೆ ಅವರವರ ಭಾಷೆಯಲ್ಲಿ ಮಾತನಾಡುತ್ತಿದ್ದನು. ಖಗೋಳಶಾಸ್ತ್ರದಲ್ಲಿ ಆಸಕ್ತನಾಗಿ ವೇಧಶಾಲೆಯನ್ನು ಕಟ್ಟಿಸಲು ತೊಡಗಿದ್ದನು. ಇಂತಹವನ ಕೊನೆಗಾಲವು ದುಃಖಕರ. ವಿಜಯನಗರದೊಡನೆ ಪಾನಗಲ್ಲಿನಲ್ಲಿ ನಡೆದ ಯುದ್ಧದಲ್ಲಿ ಸೋತು, ಮೈಮನಸ್ಸುಗಳೆರಡೂ ಕುಗ್ಗಿದವನಿಂದ ೧೪೨೨ರಲ್ಲಿ ತಮ್ಮನಾದ ಅಹಮದನು ಗದ್ದುಗೆಯನ್ನು ಕಸಿದುಕೊಂಡನು. ಅಣ್ಣನು ಕೆಲವೇ ದಿನಗಳಲ್ಲಿ ಸತ್ತನು. ಅದು ರೋಗದಿಂದ ಬಂದ ಮರಣವೆಂದು ಕೆಲವರು. ಕತ್ತು ಹಿಸುಕಿ ಕೊಂದರೆಂದು ಕೆಲವರು.

ಇಲ್ಲಿಯೂ ವಿಧಿಯ ಸಾಕ್ಷ್ಯ ಸಿದ್ಧವಾಗಿದೆ. ಫಿರೋಜನು ತನ್ನ ಮಗ ಹಸನನನ್ನು ಹರಸಬೇಕೆಂದು ಕಲಬುರಗಿಯ ಮಹಾಸಂತರಾದ ಗೇಸೂದರಾಜರನ್ನು ಕೇಳಿಕೊಂಡಾಗ, ಕಿರೀಟವು ದೈವಸಂಕಲ್ಪದಂತೆ ಅಹಮದನಿಗೆ ಸಲ್ಲತಕ್ಕದ್ದೆಂದು ಅವರು ನುಡಿದರೆಂದು ಕಥೆ. ಈಟನ್ನನು ೨೦೦೫ರಲ್ಲಿ ಪ್ರಕಟಿಸಿದ, ದಖನ್ನಿನ ಎಂಟು ಜನರ ಜೀವನಚರಿತ್ರೆಗಳ ಪುಸ್ತಕದಲ್ಲಿ ಗೇಸೂದರಾಜರದೂ ಒಂದು ಅಧ್ಯಾಯ. ಅದನ್ನು ಓದಿದರೆ ಭವಿಷ್ಯವಾಣಿಯ ಹಿಂದೆ ಮನುಷ್ಯರ ವ್ಯವಹಾರ ಕಾಣುತ್ತದೆ: ತರ್ಕಪ್ರಿಯನಾದ ಸುಲ್ತಾನನಿಗೂ ಸಂತರಿಗೂ ಮೊದಲಿದ್ದ ವಿಶ್ವಾಸ ಮುರಿದದ್ದು, ಅವರ ಬಳಿ ನೆರೆಯುವ ಜನಸಂದಣಿಯು ಕೋಟೆಗೆ ಹತ್ತಿರವಾಯಿತೆಂದು ಅವರನ್ನು ಬೇರೆಡೆಗೆ ಹೋಗಹೇಳಿದ್ದು, ಅಹಮದನು ಅವರಿಗೆ ನಡೆದುಕೊಂಡದ್ದು. ಸಂತರಲ್ಲಿ ಭಕ್ತಿಯಿರುವವರು ಇದರಿಂದ ನೊಂದುಕೊಳ್ಳಬೇಕಾದದ್ದಿಲ್ಲ. ಅವರು ಆಡಿದ ಮಾತು ಬೇರೆ, ಅದನ್ನು ಗೆದ್ದವನ ಆಸ್ಥಾನವು ಉಪಯೋಗಿಸಿಕೊಂಡದ್ದು ಬೇರೆ. ಅಣ್ಣನಿಂದ ತಮ್ಮನಿಗೆ ರಾಜ್ಯ, ನಡುವೆ ಒಂದು ದೈವವಾಣಿ: ಕಲ್ಯಾಣದಲ್ಲಿ ಕಂಡದ್ದೇ ಮೂರೂವರೆ ಶತಮಾನಗಳ ತರುವಾಯ ಕಲಬುರಗಿಯಲ್ಲಿ ಮರುಕಳಿಸಿತು. ಮತ ಬೇರೆ, ಭಾಷೆ ಬೇರೆ. ಕಥೆಯ ಅಚ್ಚು ಒಂದೇ.

ಈಗ ನನ್ನ ವಿದ್ಯಾರ್ಥಿಯ ಉತ್ತರಕ್ಕೆ ಬರುತ್ತೇನೆ. ಜೇವರ್ಗಿಯಿಂದ ದಕ್ಷಿಣಕ್ಕೆ ಹೋದರೆ ಸುರಪುರದ ಬೇಡ ನಾಯಕರ ಸೀಮೆ. ಇಂದು ಯಾದಗಿರಿ ಜಿಲ್ಲೆಗೆ ಸೇರಿದೆ. ಇಲ್ಲಿ ಮೆಡೋಸ್ ಟೇಲರನು ಮತ್ತೆ ನಮಗೆ ಎದುರಾಗುತ್ತಾನೆ. ವೆಂಕಟಪ್ಪ ನಾಯಕನು ಬಾಲಕನಾಗಿದ್ದಾಗ, ೧೮೪೧ರಿಂದ ೧೮೫೩ರವರೆಗೆ, ಕಂಪನಿಯ ಪರವಾಗಿ ಸಂಸ್ಥಾನದ ಮೇಲ್ವಿಚಾರಣೆ ನಡೆಸಿದವನು ಇವನೇ. ಬಾಲಕನು ಇವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಅವನು ಕಟ್ಟಿಸಿದ ಬಂಗಲೆಯನ್ನು ಸುರಪುರದ ಜನರು ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ. ರಾಜನ ಜೀವನವನ್ನು ಹತ್ತಿರದಿಂದ ಕಂಡು ಬರೆದ ವೃತ್ತಾಂತವೆಂದರೆ ಟೇಲರನ ಆತ್ಮಚರಿತ್ರೆ. ಅದು ಅವನು ಸತ್ತ ಮರುವರ್ಷ, ೧೮೭೭ರಲ್ಲಿ, ಪ್ರಕಟವಾಯಿತು.

ಅದರಲ್ಲಿ ಹೇಳಿರುವುದು ಹೀಗೆ. ರಾಜನು ಹುಟ್ಟಿದಾಗ ಬ್ರಾಹ್ಮಣನೊಬ್ಬನು ಜಾತಕವನ್ನು ಬರೆದು, ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣವೆಂದು ಕಂಡನು. ಈ ಗುಟ್ಟು ರಾಣಿ ಈಶ್ವರಮ್ಮನಿಗೂ ಕೆಲವರಿಗೂ ಮಾತ್ರ ತಿಳಿದಿದ್ದು, ಟೇಲರನಿಗೂ ತಿಳಿಯಿತು. ೧೮೫೮ರ ಫೆಬ್ರವರಿಯಲ್ಲಿ ರಾಜನ ಬೇಡಪಡೆಯು ಕ್ಯಾಪ್ಟನ್ ನ್ಯೂಬೆರಿಯ ದಳದ ಮೇಲೆ ಬಿದ್ದಿತು, ನ್ಯೂಬೆರಿ ಹತನಾದನು. ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ವಿಚಾರಣೆಯಲ್ಲಿ ಮರಣದಂಡನೆಯಾಯಿತು; ಅದು ಮೊದಲು ಗಡೀಪಾರಿಗೆ ಇಳಿದು, ಕೊನೆಗೆ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆಯೆಂದು ತೀರ್ಮಾನವಾಯಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ, ಡೇರೆಯೊಳಗೆ ಕಾವಲಿನ ಅಧಿಕಾರಿಯು ತನ್ನ ರಿವಾಲ್ವರನ್ನು ಬಿಚ್ಚಿಟ್ಟು ಹೊರಗೆ ಹೋದಾಗ, ಗುಂಡಿನ ಸದ್ದಾಯಿತು, ರಾಜನು ಸತ್ತಿದ್ದನು. ಜ್ಯೋತಿಷ್ಯ ನಿಜವಾಯಿತು.

ಶ್ರೋತೃಗಳೆ, ಇದು ಕಾದಂಬರಿಕಾರನ ಕೈಯೆಂಬುದನ್ನು ಗಮನಿಸಿ. ಮೊದಲು ಭವಿಷ್ಯ, ನಡುವೆ ವಾತ್ಸಲ್ಯ, ಕೊನೆಗೆ ಗುಂಡು. ಓದುವವನ ಕಣ್ಣಿನಲ್ಲಿ ನೀರು ಬರುತ್ತದೆ, ನನಗೂ ಬಂದಿತು. ಕಣ್ಣೊರಸಿಕೊಂಡ ಮೇಲೆ ನಮ್ಮ ಎರಡು ಪ್ರಶ್ನೆಗಳನ್ನು ಕೇಳಬೇಕು. ಹೇಳುವವನು ಯಾರು? ಆ ಡೇರೆಯಲ್ಲಿ ಟೇಲರನಿರಲಿಲ್ಲ. ರಾಜನ ಮೇಲೆ ಅವನಿಗೆ ನಿಜವಾದ ಮಮತೆಯಿದ್ದಿತೆಂದು ನಾನು ನಂಬುತ್ತೇನೆ. ಆದರೆ ರಾಜನು ಬಿದ್ದ ಮೇಲೆ ಸುರಪುರದ ಆಡಳಿತಕ್ಕೆ ಬಂದ ಕಂಪನಿಯ ಅಧಿಕಾರಿಯೂ ಅವನೇ. ವಿಧಿಯ ಮಾತಿನಿಂದ ಲಾಭ ಯಾರಿಗೆ? ಹಣೆಬರಹವು ಕಾರಣವಾದರೆ, ತುಂಬಿದ ರಿವಾಲ್ವರನ್ನು ಕೈದಿಯ ಬಳಿ ಬಿಟ್ಟುಹೋದ ಅಧಿಕಾರಿಯು ಉತ್ತರ ಹೇಳಬೇಕಾಗಿಲ್ಲ. ತರುಣನನ್ನು ಆ ದಾರಿಗೆ ತಂದ ಸಲಹೆಗಾರರು ಹೇಳಬೇಕಾಗಿಲ್ಲ. ವಂಶಪರಂಪರೆಯ ನಾಡಿನಲ್ಲಿ ಒಬ್ಬ ಯುವಕನನ್ನು ಪರಾಧೀನನನ್ನಾಗಿ ಮಾಡಿದ ಕಂಪನಿಯು ಹೇಳಬೇಕಾಗಿಲ್ಲ. ೧೮೬೦ರಲ್ಲಿ ಸುರಪುರವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟವರೂ ಪಡೆದವರೂ ಹೇಳಬೇಕಾಗಿಲ್ಲ. ಒಂದು ಜಾತಕದಿಂದ ಎಲ್ಲ ಆಪಾದಿತರೂ ಬಿಡುಗಡೆಯಾಗುತ್ತಾರೆ.

ಅಷ್ಟಲ್ಲದೆ, ಜಾತಕದ ನೆರವಿಲ್ಲದೆಯೇ ಆ ಸಾವನ್ನು ತಿಳಿಯುವ ದಾರಿ ಅದೇ ಪುಸ್ತಕದಲ್ಲಿದೆ. ಸೆರೆಮನೆಯಲ್ಲಿ ಟೇಲರನು ಕಂಡಾಗ ರಾಜನು ಜೊತೆಗಾರರ ಹೆಸರನ್ನು ಹೇಳಲು ಒಪ್ಪಲಿಲ್ಲ. ಕಳ್ಳನಂತೆ ನೇಣಿಗೆ ಹಾಕಬೇಡಿರೆಂದು ಕೇಳಿದನು. ಸೆರೆವಾಸಕ್ಕಿಂತ ಮರಣ ಲೇಸೆಂಬ ಭಾವವನ್ನು ತೋರಿಸಿದನು. ಹೀಗೆ ಹೇಳಿದವನಿಗೆ ನಾಲ್ಕು ವರ್ಷಗಳ ಸೆರೆಯೂ ದಯೆಯಾಗಿ ಕಂಡಿರಲಾರದು. ಆತ್ಮಹತ್ಯೆಯೆಂಬುದನ್ನೇ ಒಪ್ಪದೆ ಸಂಶಯಪಡುವವರೂ ಉಂಟು. ಯಾವುದನ್ನು ಒಪ್ಪಿದರೂ, ಇಲ್ಲಿ ಸತ್ತದ್ದು ಅಭಿಮಾನಿಯಾದ ಒಬ್ಬ ಮನುಷ್ಯ, ಜಾತಕದ ಗೊಂಬೆಯಲ್ಲ. ಅವನ ಸಾವನ್ನು ಗ್ರಹಗಳಿಗೆ ಒಪ್ಪಿಸಿದರೆ ಅವನು ಮಾಡಿದ ನಿರ್ಧಾರಗಳನ್ನೂ ಅವನಿಂದ ಕಸಿದುಕೊಂಡಂತೆ ಆಗುತ್ತದೆ.

ಕೊಡಗಿನ ಕೊನೆಯ ದೊರೆಯ ಪತನವನ್ನು ಕುರಿತು ಮಾಸ್ತಿಯವರು ೧೯೫೬ರಲ್ಲಿ ‘ಚಿಕವೀರರಾಜೇಂದ್ರ’ ಕಾದಂಬರಿಯನ್ನು ಬರೆದರು. ಅಲ್ಲಿ ದೊರೆಯ ದೋಷ, ಮಂತ್ರಿಗಳ ಸಂಕಟ, ಕಂಪನಿಯ ಹೊಂಚು ಇವೆಲ್ಲಕ್ಕೂ ಹೊಣೆಯನ್ನು ಹಂಚಿ ತೋರಿಸಿದ್ದಾರೆ. ಸುರಪುರ ಸಂಸ್ಥಾನದ ಇತಿಹಾಸವನ್ನು ಕನ್ನಡದಲ್ಲಿ ಕಪಟರಾಳ ಕೃಷ್ಣರಾಯರು ಬರೆದಿದ್ದಾರೆ. ನಮ್ಮ ವಿದ್ಯಾರ್ಥಿಗಳು ಟೇಲರನ ಪುಸ್ತಕದ ಪಕ್ಕದಲ್ಲಿ ಇಂತಹವನ್ನೂ ಇಟ್ಟುಕೊಂಡು ಓದಬೇಕು. ಒಂದೇ ಸಾಕ್ಷಿಯನ್ನು ಕೇಳಿ ತೀರ್ಪು ಕೊಡಬಾರದು.

ಟೇಲರನಿಗೆ ಅನ್ಯಾಯವಾಗಬಾರದು, ಆದುದರಿಂದ ಕೊನೆಯಲ್ಲಿ ಅವನ ಮತ್ತೊಂದು ಬರಹವನ್ನು ಹೇಳಿ ಮುಗಿಸುತ್ತೇನೆ. ಸುರಪುರದಲ್ಲಿದ್ದಾಗ ಅವನು ಜೇವರ್ಗಿಯ ಹೊರಗೆ ಕಲ್ಲುಗುಪ್ಪೆಗಳ ಕೆಳಗಿದ್ದ ಪ್ರಾಚೀನ ಗೋರಿಗಳನ್ನು ಅಗೆಸಿದನು. ಅವು ಕಬ್ಬಿಣದ ಬಳಕೆ ಆರಂಭವಾದ ಕಾಲದವು, ಎರಡು ಸಾವಿರ ವರ್ಷಗಳಿಗೂ ಹಿಂದಿನವು. ಒಳಗೆ ಅಸ್ಥಿಪಂಜರಗಳು, ಮಡಕೆಗಳು. ಕೆಲವು ತಲೆಗಳು ಮೈಯಿಂದ ಬೇರ್ಪಟ್ಟಿದ್ದುವು. ನಮ್ಮ ಸೀಮೆಯಲ್ಲಿ ಇದಕ್ಕಿಂತ ಹಳೆಯ ಗೂಢವನ್ನು ನಾನು ಪುಸ್ತಕದಲ್ಲಿ ಓದಿಲ್ಲ. ಸತ್ತವರು ಯಾರು? ತಲೆ ಬೇರೆಯಾದದ್ದೇಕೆ? ಟೇಲರನು ನರಬಲಿಯೆಂದು ಊಹಿಸಿದನು. ತನ್ನ ದೇಶದ ಕೆಲ್ಟ್ ಜನರ ಗೋರಿಗಳೊಡನೆ ಇವಕ್ಕೆ ನೆಂಟಸ್ತಿಕೆ ಕಟ್ಟಿದನು. ಆ ಊಹೆಗಳು ಹಳೆಯವಾದುವು. ಆದರೆ ಅವನು ಗೋರಿಗಳನ್ನು ಅಳೆದನು. ಎಲುಬು ಮಡಕೆಗಳು ಇದ್ದ ರೀತಿಯನ್ನು ಚಿತ್ರಿಸಿದನು. ಕಂಡದ್ದನ್ನು ಒಂದೆಡೆ, ಊಹಿಸಿದ್ದನ್ನು ಒಂದೆಡೆ ಬರೆದನು. ಆ ಅಳತೆಗಳು ಇಂದಿಗೂ ವಿದ್ವಾಂಸರಿಗೆ ಬೇಕಾಗಿವೆ. ಹೆಸರಿಲ್ಲದ ಆ ಸತ್ತವರ ಮುಂದೆ ಅವನು ಯಾವ ಜಾತಕವನ್ನೂ ಬಿಚ್ಚಲಿಲ್ಲ.

ತಾನೇ ಸಾಕಿದ ರಾಜನಿಗೆ ಕೊಡದೆ ಹೋದ ನ್ಯಾಯವನ್ನು ಟೇಲರನು ಜೇವರ್ಗಿಯ ಅನಾಮಧೇಯರಿಗೆ ಕೊಟ್ಟನು. ಪ್ರೀತಿ ಇದ್ದ ಕಡೆ ಕಣ್ಣು ಮಂಜಾಗುವುದು ಸಹಜ. ನಮ್ಮ ಊರಿನ ಚರಿತ್ರೆಯನ್ನು ಓದುವಾಗ ನಮ್ಮ ಕಣ್ಣೂ ಮಂಜಾಗುತ್ತದೆ. ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: ಪುಸ್ತಕದಲ್ಲಿ ‘ವಿಧಿ’ಯೆಂಬ ಮಾತು ಬಂದ ಪುಟದ ಮೂಲೆಯನ್ನು ಮಡಿಸಿಡು, ನೀನು ಹುಡುಕಬೇಕಾದದ್ದು ಅಲ್ಲಿಂದ ಆರಂಭವಾಗುತ್ತದೆ. ಮರುವಾರ ಅವನು ಪುಸ್ತಕವನ್ನು ಹಿಂದಿರುಗಿಸಿದಾಗ ಎಷ್ಟೋ ಪುಟಗಳ ಮೂಲೆ ಮಡಿಸಿದ್ದಿತು. ಗ್ರಂಥಭಂಡಾರದವರು ನನ್ನನ್ನು ಕ್ಷಮಿಸಬೇಕು.